ಹಿಂಭಾರ

ಅವತ್ತು ರಾತ್ರಿ ಎದುರಿಗೆ ಬಂದವರೆಲ್ಲ ನನಗೆ ಲೈಟ್ ಹೊಡೆಯುತ್ತಿದ್ದರು. ಹೈವೇ 26ರಲ್ಲಿ ಮೌಂಟ್ ಹುಡ್ ದಾಟಿ ಮನೆ ಕಡೆ ಬರುತ್ತಿದ್ದೆವು. ಮೊದಲನೆಯವನು ಹೊಡೆದಾಗ ಮುಂದೆ ಪೊಲೀಸ್ ಇರಬೇಕು ಅಂದುಕೊಂಡು ಸ್ಪೀಡ್ ಇಳಿಸಿದೆ. ಎರಡನೆಯವನು ಹೊಡೆದಾಗ ಜಿಂಕೆ ಇರಬೇಕು ಅಂದುಕೊಂಡೆ. ಐದಾರು ಜನ ಹೊಡೆದ ಮೇಲೆ ಹೆಂಡತಿ, “ರೀ, ಹೈ ಬೀಮ್ ಹಾಕಿದೀರ ನೋಡಿ” ಅಂದಳು. ನೋಡಿದೆ. ಹಾಕಿರಲಿಲ್ಲ, ಡಿಮ್ಮಲ್ಲೇ ಇತ್ತು. ಆದರೆ ಬೆಳಕು ರಸ್ತೆ ಬಿಟ್ಟು ಫರ್ ಮರಗಳ ತಲೆ ಮೇಲೆ ಬೀಳುತ್ತಿತ್ತು. ಸ್ಟೇರಿಂಗ್ ಕೂಡ ಬೆಣ್ಣೆ ಹಚ್ಚಿದ ಹಾಗೆ ಹಗುರ. ಅದನ್ನು ನಾನು ಬೆಳಗ್ಗೆಯಿಂದ ‘ಆಹಾ, ಎಷ್ಟು ಸ್ಮೂತ್’ ಅಂತ ಮೆಚ್ಚಿಕೊಂಡು ಬಂದಿದ್ದೆ, ನನ್ನ ಜಾಣತನಕ್ಕೆ ಏನು ಹೇಳುವುದು. ಸ್ಯಾಂಡಿ ಎಂಬ ಊರಿನ ಪೆಟ್ರೋಲ್ ಬಂಕಿನಲ್ಲಿ ಇಳಿದು, ಹತ್ತು ಹೆಜ್ಜೆ ಹಿಂದೆ ಹೋಗಿ ಗಾಡಿಯನ್ನು ಪಕ್ಕದಿಂದ ನೋಡಿದೆ. ನಾಯಿ ಹಿಂಗಾಲು ಮಡಚಿ ಕೂತು ಮೂತಿ ಎತ್ತಿದ ಹಾಗಿತ್ತು.

ನಾವಿರುವುದು ಒರೆಗಾನ್ ರಾಜ್ಯದ ಹಿಲ್ಸ್‌ಬರೋದಲ್ಲಿ. ಗಾಡಿ 2012ರ ಫೋರ್ಡ್ ಎಫ್-250 ಪಿಕಪ್. ಅದರ ತೊಟ್ಟಿಯಲ್ಲಿ ಕೂರಿಸಿದ್ದು ಸೆಕೆಂಡ್ ಹ್ಯಾಂಡ್ ಕ್ಯಾಂಪರ್. ಅಂದರೆ ಒಂದು ಮಂಚ, ಒಂದು ಒಲೆ, ಒಂದು ಫ್ರಿಜ್, ಒಂದು ಪುಟ್ಟ ಬಚ್ಚಲು ಇರುವ ಪೆಟ್ಟಿಗೆ ಮನೆ. ಇದನ್ನು ಊರಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಅರ್ಥ ಮಾಡಿಸಲು ಹತ್ತು ನಿಮಿಷ ಬೇಕಾಯಿತು. ಕ್ಯಾಂಪರ್ ಅಂದರೆ ಅವಳಿಗೆ ಗೊತ್ತಿರುವುದು ಮಹೀಂದ್ರಾ ಬೊಲೆರೊ ಕ್ಯಾಂಪರ್ ಒಂದೇ. ಮುಂದೆ ಐದು ಜನ, ಹಿಂದೆ ಸಿಮೆಂಟ್ ಮೂಟೆ. “ಅದನ್ನ ಯಾಕೆ ತಗೊಂಡ್ಯೋ, ಕಂಟ್ರಾಕ್ಟ್ ಏನಾದ್ರೂ ಹಿಡಿದಿದೀಯಾ?” ಅಂದಳು. ಇಲ್ಲಮ್ಮ, ಇದರ ಮೇಲೆ ಮನೆ ಇರುತ್ತೆ, ಅದರಲ್ಲಿ ಮಲಗ್ತೀವಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಮನೇಲಿ ಜಾಗ ಇಲ್ವಾ?” ಅಂತ ಕೇಳಿದಳು.

## ಎರಡೂವರೆ ಇಂಚು

ಮಾರನೇ ದಿನ ಟೇಪು ಹಿಡಿದು ಅಳೆದೆ. ಕ್ಯಾಂಪರ್ ಇಲ್ಲದಾಗ ಹಿಂದಿನ ಮಡ್‌ಗಾರ್ಡ್ ಮುಂದಿನದಕ್ಕಿಂತ ಎತ್ತರ ಇರುತ್ತದೆ. ಪಿಕಪ್‌ಗಳೆಲ್ಲ ಹಾಗೇ, ಭಾರ ಬೀಳುತ್ತೆ ಅಂತ ಗೊತ್ತಿದ್ದೇ ಹಿಂಭಾಗವನ್ನು ಎತ್ತಿ ಕಟ್ಟಿರುತ್ತಾರೆ. ಕ್ಯಾಂಪರ್ ಕೂರಿಸಿದ ಮೇಲೆ ಅದು ಮುಂದಿನದಕ್ಕಿಂತ ಎರಡೂವರೆ ಇಂಚು ಕೆಳಗೆ ಹೋಗಿತ್ತು. ನನಗೆ ಆಗ ಕಂಡ ಸಮಸ್ಯೆ ಇಷ್ಟೇ. ಎರಡೂವರೆ ಇಂಚು. ಅದನ್ನು ಎತ್ತಿಬಿಟ್ಟರೆ ಮುಗಿಯಿತು ಅಂತ.

ಎತ್ತಲು ದಾರಿ ಬೇಕಾದಷ್ಟಿವೆ, ಈ ದೇಶದಲ್ಲಿ ಇದೊಂದು ದೊಡ್ಡ ಸಂತೆ. ಹಿಂದಿನ ಆಕ್ಸಲ್‌ಗೂ ಫ್ರೇಮ್‌ಗೂ ನಡುವೆ ರಬ್ಬರಿನ ಗಾಳಿ ಚೀಲ ಕೂರಿಸಿ, 5ರಿಂದ 100 ಪಿಎಸ್‌ಐ ತನಕ ಗಾಳಿ ತುಂಬಿ ಬೇಕಾದಷ್ಟು ಎತ್ತಬಹುದು. ಗಾಳಿಯ ರಗಳೆಯೇ ಬೇಡ ಅನ್ನುವವರಿಗೆ ಟಿಂಬ್ರೆನ್ ಎಂಬ ಟೊಳ್ಳು ರಬ್ಬರ್ ಗಟ್ಟಿಗಳಿವೆ. ಆಕ್ಸಲ್ ಬಂದು ಫ್ರೇಮಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ಎಂಬ ಗಟ್ಟಿ ತೆಗೆದು ಅದನ್ನು ಕೂರಿಸಿದರೆ ಆಯಿತು, ಭಾರ ಬಿದ್ದಾಗ ಮಾತ್ರ ಒತ್ತಿಕೊಳ್ಳುತ್ತದೆ. ಇಲ್ಲವೇ ಇರುವ ಪಾಟಾಗಳ, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ, ಮೇಲೆ ಇನ್ನೊಂದು ಪಾಟಾ ಸೇರಿಸಬಹುದು. ಸ್ಟೇಬಲ್‌ಲೋಡ್ ಅನ್ನುವುದು ಇನ್ನೊಂದು ಬಗೆ. ಕಂಪನಿಯವರೇ ಕೊಟ್ಟಿರುವ ಓವರ್‌ಲೋಡ್ ಪಾಟಾ ಸಾಮಾನ್ಯವಾಗಿ ಗಾಡಿ ತುಂಬ ಕೂತ ಮೇಲೆ ಕೆಲಸಕ್ಕೆ ಬರುತ್ತದೆ. ನಡುವಿನ ಸಂದಿಗೆ ಒಂದು ಗಟ್ಟಿ ತುರುಕಿ ಅದು ಬೇಗ ಕೆಲಸಕ್ಕೆ ಇಳಿಯುವ ಹಾಗೆ ಮಾಡುವುದು. ರ‍್ಯಾಮ್ 2500 ಎಂಬ ಪಿಕಪ್ ಇಟ್ಟುಕೊಂಡವರ ಕಥೆ ಬೇರೆ, 2014ರಿಂದ ಅದರ ಹಿಂದೆಯೂ ಕಾಯಿಲ್ ಸ್ಪ್ರಿಂಗೇ. ನನ್ನದು ಹಳೇ ಸಂಪ್ರದಾಯದ ಪಾಟಾ ಗಾಡಿ.

ನಾನು ಗಾಳಿ ಚೀಲ ಆರಿಸಿಕೊಂಡೆ. ಯಾಕೆ ಅಂತ ಈಗ ಯೋಚಿಸಿದರೆ ಉತ್ತರ ನಾಚಿಕೆ ತರಿಸುತ್ತದೆ. ಅದು ಮಾತ್ರ ಎರಡೂವರೆ ಇಂಚನ್ನು ಪೂರ್ತಿ ಅಳಿಸಿಹಾಕುತ್ತಿತ್ತು. ಪಾಟಾ ಸೇರಿಸಿದರೂ, ರಬ್ಬರ್ ಹಾಕಿದರೂ ಗಾಡಿ ಸ್ವಲ್ಪ ಕೂರುತ್ತದೆ. ಗಾಳಿ ತುಂಬಿದರೆ ಏನೂ ಹೊತ್ತೇ ಇಲ್ಲ ಅನ್ನುವ ಹಾಗೆ ನಿಲ್ಲುತ್ತದೆ.

## ಸಾಬರ ಅಂಗಡಿಯಲ್ಲಿ

ಪಾಟಾ ಅಂದೆನಲ್ಲ, ಇಲ್ಲಿ ಆ ಪದ ಯಾರಿಗೂ ಗೊತ್ತಿಲ್ಲ. ಲೀಫ್ ಸ್ಪ್ರಿಂಗ್ ಅನ್ನುತ್ತಾರೆ. ನನಗೆ ಮಾತ್ರ ಆ ಉಕ್ಕಿನ ಪಟ್ಟಿಗಳನ್ನು ನೋಡಿದರೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ದಾವಣಗೆರೆಯಲ್ಲಿ ಚಿಕ್ಕಪ್ಪನದೊಂದು ಟಾಟಾ ಲಾರಿ ಇತ್ತು. ಭತ್ತ, ಮೆಕ್ಕೆಜೋಳ, ಸೀಸನ್ ಮುಗಿದ ಮೇಲೆ ಇಟ್ಟಿಗೆ. ಬೇಸಿಗೆ ರಜೆಯಲ್ಲಿ ನಾನು ಅವರ ಬಾಲ. ಲಾರಿ ತಿಂಗಳಿಗೊಮ್ಮೆಯಾದರೂ ಸಾಬರ ಅಂಗಡಿ ಮುಂದೆ ನಿಲ್ಲುತ್ತಿತ್ತು. ಅಂಗಡಿ ಅಂದರೆ ತಗಡಿನ ಮಾಡು, ಮುಂದೆ ಗ್ರೀಸ್ ಕುಡಿದು ಕಪ್ಪಾದ ನೆಲ, ಗೋಡೆಗೆ ಒರಗಿಸಿದ ಹಳೇ ಪಾಟಾಗಳು, ಉದ್ದದಿಂದ ಗಿಡ್ಡಕ್ಕೆ, ಸಾಲಾಗಿ. ಸಾಬರು ಚಕ್ರ ಬಿಚ್ಚಿ, ಯು-ಬೋಲ್ಟ್ ಸಡಿಲಿಸಿ, ಇಡೀ ಕಟ್ಟನ್ನು ಇಳಿಸಿ, ನಡುವಿನ ಬೋಲ್ಟ್ ತೆಗೆದ ಕೂಡಲೇ ಪಟ್ಟಿಗಳು ಇಸ್ಪೀಟ್ ಎಲೆಗಳ ಹಾಗೆ ಬಿಡಿಬಿಡಿ ಆಗುತ್ತಿದ್ದವು. ಒಂದೊಂದನ್ನೂ ಅಡಿಗಲ್ಲಿನ ಮೇಲಿಟ್ಟು, ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಬೆರಳಗಲ ಬಿಟ್ಟು ಬಿಟ್ಟು ಸುತ್ತಿಗೆಯಲ್ಲಿ ಬಡಿಯುತ್ತ ಹೋಗುತ್ತಿದ್ದರು. ಚಪ್ಪಟೆ ಆಗಿದ್ದ ಪಟ್ಟಿ ಮೆಲ್ಲಗೆ ಬಿಲ್ಲಾಗುತ್ತಿತ್ತು. ನಡುನಡುವೆ ಅದನ್ನು ಎತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡುವರು. ಅಳತೆ ಪಟ್ಟಿ, ಗೇಜು ಯಾವುದೂ ಇಲ್ಲ. ನನಗೆ ಇಷ್ಟವಾಗುತ್ತಿದ್ದದ್ದು ಆ ಸದ್ದು. ಒಂದೊಂದು ಪಟ್ಟಿಗೆ ಒಂದೊಂದು ಸ್ವರ. ಎಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೆ ಸದ್ದು ಸತ್ತಂತೆ ಬರುತ್ತಿತ್ತು, ಸಾಬರು ತಲೆ ಕೂಡ ಎತ್ತದೆ ಆ ಪಟ್ಟಿಯನ್ನು ಪಕ್ಕಕ್ಕೆ ಎಸೆಯುತ್ತಿದ್ದರು.

ಒಂದು ಸಲ ಚಿಕ್ಕಪ್ಪ ಇನ್ನೂ ಎರಡು ಪಾಟಾ ಜಾಸ್ತಿ ಹಾಕಿ ಅಂದರು. ಆಗ ಹೆಲ್ಪರ್ ಪಾಟಾನೂ ಸೇರಿ ಕಟ್ಟು ಒಂದು ಮೊಳ ದಪ್ಪ ಇತ್ತು. ಸಾಬರು ಬೀಡಿ ಹಚ್ಚಿಕೊಂಡು, “ಹಾಕ್ತೀನಿ ಗೌಡ್ರೇ, ಎಷ್ಟು ಬೇಕು ಹೇಳಿ. ನಾಲ್ಕು ಹಾಕ್ಲಾ? ನನಗೇನು, ದುಡ್ಡು ಬರುತ್ತೆ. ಆದ್ರೆ ಪಾಟಾ ಬಗ್ಗಲಿಲ್ಲ ಅಂದ್ರೆ ಇನ್ನೊಂದು ಏನೋ ಬಗ್ಗಬೇಕಲ್ಲ” ಅಂದರು. ಚಿಕ್ಕಪ್ಪ ನಕ್ಕು, “ಹಾಕಿ ಸಾಬ್ರೇ” ಅಂದರು. ಹಾಕಿದರು. ಲಾರಿ ಎದೆ ಎತ್ತಿ ನಿಂತಿತು. ಆ ವರ್ಷದ ಸುಗ್ಗಿಯಲ್ಲಿ, ಹರಿಹರದ ಹತ್ತಿರ, ಮೆಕ್ಕೆಜೋಳ ತುಂಬಿದ ಲಾರಿಯ ಆಕ್ಸಲ್ ಹೌಸಿಂಗ್ ಸೀಳಿತು. ಪಾಟಾಗಳು ಹೊಸದರ ಹಾಗೇ ಇದ್ದವು. ಮೂರು ದಿನ ಲಾರಿ ರಸ್ತೆ ಪಕ್ಕದಲ್ಲೇ ನಿಂತಿತ್ತು, ಚಿಕ್ಕಪ್ಪ ಅದರ ಕೆಳಗೇ ಮಲಗಿದ್ದರು.

ಇಷ್ಟೆಲ್ಲ ನೋಡಿ ಬೆಳೆದವನು ನಾನು. ಆದರೂ ಗಾಳಿ ಚೀಲ ಆರ್ಡರ್ ಮಾಡುವಾಗ ಇದ್ಯಾವುದೂ ನೆನಪಾಗಲಿಲ್ಲ ನೋಡಿ. ಲಾರಿಯದು ಓವರ್‌ಲೋಡ್, ನಮ್ಮದು ಸಂಸಾರ. ಎರಡೂ ಒಂದೇ ಅಂತ ಯಾರಿಗೆ ಹೊಳೆಯುತ್ತೆ?

## ಗಾಳಿ

ಚೀಲ ಕೂರಿಸಲು ಒಂದು ಶನಿವಾರ ಸಾಕಾಯಿತು. ಬಂಪ್ ಸ್ಟಾಪ್ ಬಿಚ್ಚಿ, ಅಲ್ಲೊಂದು ಬ್ರಾಕೆಟ್, ಆಕ್ಸಲ್ ಮೇಲೊಂದು ಬ್ರಾಕೆಟ್, ನಡುವೆ ಚೀಲ. ಎರಡೂ ಚೀಲಕ್ಕೆ ಬೇರೆ ಬೇರೆ ನಳಿಗೆ ಎಳೆಯಬೇಕು ಅಂತ ಕೈಪಿಡಿಯಲ್ಲಿ ಬರೆದಿತ್ತು. ನಾನು ಒಂದು ಟೀ, ಅಂದರೆ ಮೂರು ಬಾಯಿಯ ಜಾಯಿಂಟ್, ಜೋಡಿಸಿ ಎರಡನ್ನೂ ಒಂದೇ ವಾಲ್ವಿಗೆ ತಂದೆ. ಒಂದೇ ಕಡೆ ಗಾಳಿ ತುಂಬಿದರೆ ಆಯ್ತಲ್ಲ, ಸುಲಭ. ಸಂಜೆ 60 ಪಿಎಸ್‌ಐ ತುಂಬಿದೆ. ಗಾಡಿ ಮೆಲ್ಲಗೆ ಎದ್ದಿತು, ಆನೆ ಎದ್ದು ನಿಲ್ಲುವ ಹಾಗೆ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿದೆ. ಗುಳ್ಳೆ ನಟ್ಟ ನಡುವೆ. ಹೆಂಡತಿಯನ್ನು ಕರೆದು ತೋರಿಸಿದೆ. ಫೋಟೋ ತೆಗೆದು ಊರಿನ ಗೆಳೆಯರಿಗೆಲ್ಲ ಕಳಿಸಿದೆ.

ಮುಂದಿನ ವಾರ ಹೊರಟಿದ್ದು ಆಲ್ವರ್ಡ್ ಮರುಭೂಮಿಗೆ. ಒರೆಗಾನ್‌ನ ಆಗ್ನೇಯ ಮೂಲೆ, ಸ್ಟೀನ್ಸ್ ಬೆಟ್ಟದ ಪೂರ್ವದ ಬುಡ. ಬೆಟ್ಟ 9,700 ಅಡಿಗಿಂತ ಎತ್ತರ, ಅದರ ಕಾಲಬುಡದಲ್ಲಿ ಬಟಾಬಯಲು, ಒಣಗಿದ ಕೆರೆಯ ಅಂಗಳ. ಎದುರಿನವರು ಯಾರೂ ಲೈಟ್ ಹೊಡೆಯಲಿಲ್ಲ. ಆದರೆ ವಾರ್ಮ್ ಸ್ಪ್ರಿಂಗ್ಸ್ ಹತ್ತಿರ ರಸ್ತೆ ಡೆಶೂಟ್ಸ್ ನದಿಗೆ ಇಳಿಯುವ ತಿರುವುಗಳಲ್ಲಿ ಹೊಸದೊಂದು ಶುರುವಾಯಿತು. ಎಡಕ್ಕೆ ತಿರುಗಿದರೆ ಇಡೀ ಮನೆ ಬಲಕ್ಕೆ ವಾಲುತ್ತಿತ್ತು. ವಾಲಿ ನಿಲ್ಲುತ್ತಿರಲಿಲ್ಲ, ಇನ್ನೂ ಒಂಚೂರು ವಾಲುತ್ತಿತ್ತು. ಹಿಂದಿನ ಸೀಟಿನಿಂದ ಮಗಳು “ದೋಣಿ, ದೋಣಿ” ಅಂತ ಖುಷಿಪಡುತ್ತಿದ್ದಳು. ಹೆಂಡತಿ ಮೇಲಿನ ಹಿಡಿಕೆ ಬಿಟ್ಟಿರಲಿಲ್ಲ.

ಕಾರಣ ನನ್ನ ಟೀ. ತಿರುವಿನಲ್ಲಿ ಹೊರಗಡೆಯ ಚೀಲದ ಮೇಲೆ ಭಾರ ಬೀಳುತ್ತದೆ. ಅದು ತಡೆದು ನಿಲ್ಲಬೇಕು. ಎರಡಕ್ಕೂ ಒಂದೇ ನಳಿಗೆ ಇದ್ದರೆ ಅದು ತಡೆಯುವುದಿಲ್ಲ, ತನ್ನ ಗಾಳಿಯನ್ನು ಆ ಕಡೆಯ ಚೀಲಕ್ಕೆ ದಾಟಿಸುತ್ತದೆ. ಈ ಕಡೆ ಇನ್ನೂ ಕುಸಿಯುತ್ತದೆ, ಆ ಕಡೆ ಇನ್ನೂ ಏಳುತ್ತದೆ. ಅಂದರೆ ಗಾಡಿಯನ್ನು ಕೆಡವಲು ನಾನೇ ಪಂಪು ಕೂರಿಸಿಕೊಂಡಿದ್ದೆ.

ಬರ್ನ್ಸ್ ದಾಟಿ ಹೈವೇ 78 ಬಿಟ್ಟು ಫೀಲ್ಡ್ಸ್ ಕಡೆ ಹೋಗುವ ದಾರಿಯಲ್ಲಿ ಜಲ್ಲಿ ಶುರುವಾಗುತ್ತದೆ. ತೊಳೆಯುವ ಕಲ್ಲಿನ ಹಾಗೆ ಸಾಲುಸಾಲು ಉಬ್ಬು. ಅರ್ಧ ಗಂಟೆ ಕಳೆದಿರಬಹುದು, ಹಿಂದೆ ಎಲ್ಲೋ ಉಸ್ ಅಂದಿತು. ಆಮೇಲೆ ಧಡ್ ಅಂತ ಒಂದು ಹೊಡೆತ. ಇಳಿದು ಕೆಳಗೆ ನುಸುಳಿ ನೋಡಿದರೆ ಪ್ಲಾಸ್ಟಿಕ್ ನಳಿಗೆ ಸೈಲೆನ್ಸರ್ ಪೈಪಿಗೆ ತಾಗಿ ಕರಗಿತ್ತು. ಅದನ್ನು ಕಟ್ಟಿದವನೂ ನಾನೇ, ಬೈಯಲು ಬೇರೆ ಯಾರೂ ಇರಲಿಲ್ಲ. ಬೇರೆ ಬೇರೆ ನಳಿಗೆ ಇದ್ದಿದ್ದರೆ ಒಂದು ಚೀಲವಾದರೂ ಉಳಿಯುತ್ತಿತ್ತು. ಈಗ ಎರಡೂ ಖಾಲಿ. ಬಂಪ್ ಸ್ಟಾಪ್ ಬೇರೆ ಬಿಚ್ಚಿಟ್ಟು ಬಂದಿದ್ದೆ. ಗಂಟೆಗೆ ಹದಿನೈದು ಮೈಲಿಯಲ್ಲಿ, ಪ್ರತಿ ಗುಂಡಿಗೂ ಹಲ್ಲು ಕಚ್ಚಿಕೊಂಡು, ಫೀಲ್ಡ್ಸ್ ಸೇರಿದೆವು.

ಫೀಲ್ಡ್ಸ್ ಅಂದರೆ ಒಂದು ಪೆಟ್ರೋಲ್ ಪಂಪು, ಒಂದು ಅಂಗಡಿ, ಹತ್ತಾರು ಮರ. ಅಲ್ಲಿಯ ಮಿಲ್ಕ್‌ಶೇಕ್ ಹೆಸರುವಾಸಿ, ಮಗಳ ಪಾಲಿಗೆ ಆ ಪ್ರವಾಸದಲ್ಲಿ ಆದ ಘಟನೆ ಅದೊಂದೇ. ಪಕ್ಕದಲ್ಲಿ ದನದ ಟ್ರೈಲರ್ ನಿಲ್ಲಿಸಿಕೊಂಡಿದ್ದ ಒಬ್ಬ ಮುದುಕ ನಮ್ಮ ಗಾಡಿ ನೋಡಿ ಎದ್ದು ಬಂದ. ಏನೂ ಕೇಳದೆ ಬೆನ್ನ ಮೇಲೆ ಮಲಗಿ ಕೆಳಗೆ ನೋಡಿದ. ತನ್ನ ಡಬ್ಬಿಯಿಂದ ಒಂದು ಪುಟ್ಟ ಜಾಯಿಂಟ್ ಹುಡುಕಿ, ಕರಗಿದ ತುಂಡು ಕತ್ತರಿಸಿ, ನಳಿಗೆಯ ಎರಡೂ ತುದಿ ಸೇರಿಸಿ, ಪೈಪಿನಿಂದ ದೂರ ತಂತಿಯಲ್ಲಿ ಕಟ್ಟಿದ. ದುಡ್ಡು ಕೊಡಲು ಹೋದರೆ ಕೈ ಬೀಸಿದ. ಎದ್ದು ಪ್ಯಾಂಟಿನ ಧೂಳು ಕೊಡವುತ್ತ, ಎಷ್ಟು ತೂಕ ಇದೆ ಇದು ಅಂತ ಕೇಳಿದ. ಎರಡು ಸಾವಿರದ ಮುನ್ನೂರ ಐವತ್ತು ಪೌಂಡ್ ಅಂದೆ, ಬ್ರೋಷರಿನಲ್ಲಿದ್ದದ್ದು. “ಅದು ಮಾರುವವನ ತೂಕ. ನಿನ್ನದು ಎಷ್ಟು?” ಅಂದ.

ನನಗೆ ಗೊತ್ತಿರಲಿಲ್ಲ. ಇಂಚು ಅಳೆದಿದ್ದೆ, ಗಾಳಿ ಅಳೆದಿದ್ದೆ. ಭಾರವನ್ನು ಅಳೆದೇ ಇರಲಿಲ್ಲ.

## ಮೂವತ್ತು ಪೌಂಡ್

ವಾಪಸ್ ಬರುವಾಗ ಟ್ರಕ್ ಸ್ಟಾಪ್ ಒಂದರ ಕ್ಯಾಟ್ ಸ್ಕೇಲ್ ಮೇಲೆ ಹತ್ತಿಸಿದೆ. 1977ರಿಂದ ಇರುವ ತೂಕದ ಕಟ್ಟೆಗಳ ಜಾಲ ಇದು, ಲಾರಿಯವರು ದಿನಾ ಬಳಸುವಂಥದ್ದು. ಮುಂದಿನ ಚಕ್ರಕ್ಕೊಂದು ಹಲಗೆ, ಹಿಂದಿನದಕ್ಕೊಂದು ಹಲಗೆ, ಪ್ರತಿಯೊಂದಕ್ಕೂ ಬೇರೆ ತೂಕ. ಕಂಬದ ಗುಂಡಿ ಒತ್ತಿ ಮಾತಾಡಿದರೆ ಒಳಗಿರುವವರು ಚೀಟಿ ಮಾಡಿಕೊಡುತ್ತಾರೆ. ಚೀಟಿ ಹಿಡಿದು ಸೀಟಿಗೆ ಬಂದು, ಡ್ರೈವರ್ ಬಾಗಿಲು ತೆಗೆದು, ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಸ್ಟಿಕ್ಕರ್ ಪಕ್ಕ ಇಟ್ಟುಕೊಂಡು ಓದಿದೆ. ಈ ಗಾಡಿ ಕೊಂಡಾಗಿನಿಂದ ದಿನಕ್ಕೆ ಎರಡು ಸಲ ಆ ಸ್ಟಿಕ್ಕರ್ ನನ್ನ ಮೊಣಕಾಲಿನ ಪಕ್ಕದಲ್ಲೇ ಹಾದುಹೋಗಿದೆ. ಒಂದು ದಿನವೂ ಓದಿರಲಿಲ್ಲ.

ಗಾಡಿ, ಸಾಮಾನು, ಜನ ಎಲ್ಲ ಸೇರಿ 10,000 ಪೌಂಡ್, ಅಂದರೆ ಸುಮಾರು 4,536 ಕೆಜಿ ಮೀರಬಾರದು ಅಂತ ಸ್ಟಿಕ್ಕರ್. ಚೀಟಿಯಲ್ಲಿ 10,860. ಹಿಂದಿನ ಆಕ್ಸಲ್ ಮೇಲೆ 6,100 ಮೀರಬಾರದು. ಚೀಟಿಯಲ್ಲಿ 6,360. ಮುಂದಿನದರ ಮೇಲೆ ಬಿದ್ದಿದ್ದು 4,500, ಅಲ್ಲಿ ಇನ್ನೂ ಜಾಗ ಇತ್ತು, ಆದರೆ ಅದರಿಂದ ಏನೂ ಪ್ರಯೋಜನ ಇಲ್ಲ. ಕ್ಯಾಂಪರಿನ ಭಾರವೆಲ್ಲ ಹಿಂದಿನ ಚಕ್ರದ ತಲೆ ಮೇಲೇ ಕೂರುತ್ತದೆ. ಕ್ಯಾಂಪರ್‌ಗಳ ಪಕ್ಕದಲ್ಲಿ ಸೆಂಟರ್ ಆಫ್ ಗ್ರಾವಿಟಿ ಅಂತ ಒಂದು ಗುರುತು ಹಾಕಿರುತ್ತಾರೆ. ಅದು ಹಿಂದಿನ ಆಕ್ಸಲ್‌ಗಿಂತ ಮುಂದೆ ಬೀಳಬೇಕು. ಎತ್ತಿನ ಗಾಡಿ ಹೇರಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂಭಾರ ಆದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಟ್ಟು ಎದ್ದು ಕೊರಳ ಹಗ್ಗ ಬಿಗಿಯುತ್ತದೆ. ನನ್ನ ಸ್ಟೇರಿಂಗ್ ಬೆಣ್ಣೆಯಂತೆ ಇತ್ತಲ್ಲ, ಅದು ಇದೇ. ಮುಂದಿನ ಚಕ್ರ ನೆಲವನ್ನು ಸರಿಯಾಗಿ ಒತ್ತುತ್ತಿರಲಿಲ್ಲ.

ಬೆವರು ಬಂದದ್ದು ಆಮೇಲೆ, ಟೈರು ಓದಿದಾಗ. ಎಲ್‌ಟಿ 245/75ಆರ್17, ಲೋಡ್ ರೇಂಜ್ ಇ. 80 ಪಿಎಸ್‌ಐ ಗಾಳಿಯಲ್ಲಿ ಒಂದು ಟೈರ್ ಹೊರುವುದು 3,195 ಪೌಂಡ್. ಎರಡಕ್ಕೆ 6,390. ನನ್ನ ಹಿಂದಿನ ಆಕ್ಸಲ್ 6,360. ಉಳಿದಿದ್ದು ಮೂವತ್ತು ಪೌಂಡ್. ಬರುವಾಗ ಬರ್ನ್ಸ್‌ನಲ್ಲಿ ಎರಡು ಕಲ್ಲಂಗಡಿ ತಗೊಳ್ಳೋಣ ಅಂದಿದ್ದಳು ಹೆಂಡತಿ, ಇಡಲು ಜಾಗ ಇಲ್ಲ ಅಂತ ಬಿಟ್ಟಿದ್ದೆವು. ಅದೂ ಈ ಲೆಕ್ಕ ಹೊಸ ಟೈರಿಗೆ, ಸರಿಯಾಗಿ 80 ಗಾಳಿ ಇದ್ದಾಗ, ಎರಡೂ ಕಡೆ ಸಮ ಭಾರ ಬಿದ್ದಾಗ. ವಾರ್ಮ್ ಸ್ಪ್ರಿಂಗ್ಸ್ ತಿರುವಿನಲ್ಲಿ ಹೊರಗಿನ ಟೈರಿನ ಮೇಲೆ ಎಷ್ಟು ಬಿದ್ದಿರಬಹುದು ಅಂತ ಲೆಕ್ಕ ಹಾಕಲು ಧೈರ್ಯ ಬರಲಿಲ್ಲ.

ಬ್ರೋಷರಿನ 2,350 ಎಲ್ಲಿ ಕರಗಿತು ಅಂತ ಮನೆಗೆ ಬಂದು ಲೆಕ್ಕ ಹಾಕಿದೆ. ಅದು ಒಣ ತೂಕ. ನೀರಿಲ್ಲ, ಗ್ಯಾಸಿಲ್ಲ, ಆಮೇಲೆ ಸೇರಿಸಿದ ಏಸಿ, ನೆರಳಿನ ಪರದೆ ಯಾವುದೂ ಇಲ್ಲ. ಮೂವತ್ತು ಗ್ಯಾಲನ್ ನೀರು ಒಂದೇ 250 ಪೌಂಡ್. ತುಂಬಿದ ಸಿಲಿಂಡರ್ ಎರಡು, ಸೀಸದ ಬ್ಯಾಟರಿ ಎರಡು, ಜನರೇಟರ್, ಮೈಕ್ರೋವೇವ್, ಹಾಸಿಗೆ, ಬಟ್ಟೆ, ಅಕ್ಕಿ. ಕಬ್ಬಿಣದ ದೋಸೆ ಕಾವಲಿ. ಹಾಗೂ, ಹೇಳಲೇಬೇಕು, ಟೇಬಲ್‌ಟಾಪ್ ಗ್ರೈಂಡರ್. ಮರುಭೂಮಿಗೆ ಕಲ್ಲಿನ ಗ್ರೈಂಡರ್ ಹೊತ್ತುಕೊಂಡು ಹೋದ ಸಂಸಾರ ನಮ್ಮದೊಂದೇ ಇರಬೇಕು. ಅದು ನನ್ನದೇ ಐಡಿಯಾ, ಹೆಂಡತಿಯ ಮೇಲೆ ಹಾಕುವ ಹಾಗಿಲ್ಲ.

ಆ ರಾತ್ರಿ ಸಾಬರ ಮಾತು ನೆನಪಾಯಿತು. ಗಾಡಿ ಕೂತಾಗ ಅದು ನನಗೆ ಏನೋ ಹೇಳುತ್ತಿತ್ತು. ಲೈಟ್ ಮರದ ಮೇಲೆ ಬಿಟ್ಟು, ಸ್ಟೇರಿಂಗ್ ಹಗುರ ಮಾಡಿ, ಎದುರಿನವರ ಕೈಯಲ್ಲೂ ಹೇಳಿಸುತ್ತಿತ್ತು. ನಾನು ಮಾಡಿದ್ದು ಅದರ ಬಾಯಿ ಮುಚ್ಚಿಸಿದ್ದು. 60 ಪಿಎಸ್‌ಐ ತುಂಬಿದ ಮೇಲೆ ಒಂದು ಪೌಂಡ್ ಕೂಡ ಕಡಿಮೆ ಆಗಿರಲಿಲ್ಲ. ಚೀಲ, ಬ್ರಾಕೆಟ್ ತೂಕ ಸೇರಿ ಜಾಸ್ತಿಯೇ ಆಗಿತ್ತು. ಪಾಟಾ ತನ್ನ ಭಾರವನ್ನು ಫ್ರೇಮಿನ ಎರಡು ತುದಿಗೆ ಹಂಚುತ್ತದೆ, ಮುಂದಿನ ಹ್ಯಾಂಗರ್, ಹಿಂದಿನ ಶ್ಯಾಕಲ್. ಗಾಳಿ ಚೀಲ ಆಕ್ಸಲ್‌ನ ನೇರ ಮೇಲೆ ಒಂದೇ ಜಾಗದಲ್ಲಿ ಒತ್ತುತ್ತದೆ. ಆಕ್ಸಲ್, ಬೇರಿಂಗ್, ಬ್ರೇಕ್, ರಿಮ್, ಟೈರ್, ಇವಕ್ಕೆಲ್ಲ ಚೀಲ ಇದ್ದರೇನು ಬಿಟ್ಟರೇನು. ಅವು ಹೊರುವುದು ಅಷ್ಟೇ ಭಾರ.

## ಸ್ಟಿಕ್ಕರ್ ಪೂರ್ತಿ ಸತ್ಯ ಹೇಳುತ್ತದಾ

ಇಲ್ಲಿ ಒಂದು ತೊಡಕಿದೆ. ಸ್ಟಿಕ್ಕರ್ ದೇವರ ವಾಕ್ಯ ಅಂತ ಹೇಳಿ ಮುಗಿಸಿಬಿಡಬಹುದು. ಆದರೆ ಅದೂ ಪೂರ್ತಿ ನಿಜ ಅಲ್ಲ. ಅಮೆರಿಕದಲ್ಲಿ ಟ್ರಕ್‌ಗಳನ್ನು ಒಟ್ಟು ತೂಕದ ಮೇಲೆ ಕ್ಲಾಸ್ ಮಾಡುತ್ತಾರೆ. 10,000 ಪೌಂಡಿಗೆ ಕ್ಲಾಸ್ 2 ಮುಗಿಯುತ್ತದೆ, ಒಂದು ಪೌಂಡ್ ದಾಟಿದರೆ ಕ್ಲಾಸ್ 3. ನನ್ನ ಎಫ್-250ರ ಮಿತಿ ಸರಿಯಾಗಿ 10,000ಕ್ಕೆ ಬಂದು ನಿಂತಿರುವುದು ಉಕ್ಕಿನ ಶಕ್ತಿ ಅಲ್ಲಿಗೇ ಮುಗಿಯಿತು ಅಂತಲ್ಲ. ಅದೇ ವರ್ಷದ, ಹಿಂದೆ ಎರಡೇ ಚಕ್ರದ ಎಫ್-350 ತಗೊಂಡರೆ ಅದಕ್ಕೂ ಇದೇ 10.5 ಇಂಚಿನ ಆಕ್ಸಲ್. ಬಹಳ ಭಾಗಗಳು ಅವವೇ. ಪಾಟಾ ಕಟ್ಟು ಬೇರೆ, ಆಕ್ಸಲ್ ಮೇಲಿನ ದಿಮ್ಮಿಯ ಎತ್ತರ ಬೇರೆ, ಸ್ಟಿಕ್ಕರ್ ಬೇರೆ. ಅದರ ಮಿತಿ 11,000ದ ಆಚೆಗೂ ಹೋಗುತ್ತದೆ.

ಇದು ಗೊತ್ತಾದ ದಿನ ನನಗೆ ಸಮಾಧಾನಕ್ಕಿಂತ ಗೊಂದಲ ಜಾಸ್ತಿ ಆಯಿತು. ಎಫ್-250 ಇಟ್ಟುಕೊಂಡು ಕ್ಯಾಂಪರ್ ಹೊರುವವರು ಎಲ್ಲರೂ ಇದನ್ನೇ ಹೇಳಿಕೊಂಡು ನಿದ್ದೆ ಮಾಡುತ್ತಾರೆ. ‘ಸ್ಟಿಕ್ಕರ್ ಬಿಡಿ, ಕಾಗದದ ಲೆಕ್ಕ ಅದು.’ ನಿಜ ಇರಬಹುದು. ಆದರೆ ಅದೇ ಬಾಯಲ್ಲಿ ಟೈರಿನ ಲೆಕ್ಕವನ್ನೂ ತಳ್ಳಿಬಿಡುತ್ತಾರೆ, ಅದು ಕಾಗದದ್ದಲ್ಲ. ನನಗೆ ಈಗ ಅನಿಸುವುದು, ಯಾವ ಅಂಕಿ ಯಾವುದರಿಂದ ಬಂತು ಅಂತ ಒಂದೊಂದಾಗಿ ಕೇಳಬೇಕು. ಟೈರಿನ 3,195 ರಬ್ಬರ್ ಮತ್ತು ಗಾಳಿಯಿಂದ ಬಂದದ್ದು, ಅದರ ಜೊತೆ ಚೌಕಾಸಿ ಇಲ್ಲ. ಆಕ್ಸಲ್‌ನ 6,100 ಅದಕ್ಕೆ ಜೋಡಿಸಿರುವ ಪಾಟಾ, ರಿಮ್, ಟೈರ್‌ಗಳಲ್ಲಿ ಯಾವುದು ಎಲ್ಲರಿಗಿಂತ ಸಣ್ಣದೋ ಅದಕ್ಕೆ ಕಟ್ಟಿದ್ದು. ಒಟ್ಟು 10,000 ಸ್ವಲ್ಪ ಉಕ್ಕು, ಸ್ವಲ್ಪ ಕಾನೂನು. ನಾನೇ ಪಾಟಾ ಬದಲಿಸಿದೆ ಅಂತ ಆ ಅಂಕಿ ಬದಲಾಗುವುದಿಲ್ಲ. ನಾಳೆ ಏನಾದರೂ ಆದರೆ ಇನ್ಶೂರೆನ್ಸಿನವರು ಬಾಗಿಲು ತೆಗೆದು ಓದುವುದು ಅದನ್ನೇ.

## ಕೊನೆಗೆ ಮಾಡಿದ್ದು

ಮೊದಲು ಟೈರು. 18 ಇಂಚಿನ ರಿಮ್ ಜೊತೆ ಎಲ್‌ಟಿ 275/70ಆರ್18. ಒಂದೊಂದು 3,640 ಪೌಂಡ್ ಹೊರುತ್ತದೆ. ರಿಮ್‌ಗೂ ಅದರದೇ ಮಿತಿ ಇರುತ್ತದೆ, ಅದನ್ನೂ ನೋಡಿ ತಗೊಂಡೆ. ನೋಡಲು ಏನೂ ವ್ಯತ್ಯಾಸ ಇಲ್ಲ, ಊರಿಗೆ ಫೋಟೋ ಕಳಿಸುವಂಥದ್ದೇನಲ್ಲ.

ಆಮೇಲೆ ಪಾಟಾ. ನನ್ನ ಗಾಡಿಗೆ ಕಂಪನಿಯ ಕ್ಯಾಂಪರ್ ಪ್ಯಾಕೇಜ್ ಇರಲಿಲ್ಲ, ಅಂದರೆ ಮೇಲಿನ ಓವರ್‌ಲೋಡ್ ಪಾಟಾ, ಗಾಡಿ ವಾಲದಂತೆ ತಡೆಯುವ ಹಿಂದಿನ ಸ್ವೇ ಬಾರ್ ಎರಡೂ ಇರಲಿಲ್ಲ. ಗುಜರಿಯಲ್ಲಿ ಅಪಘಾತವಾದ ಎಫ್-350 ಒಂದು ಸಿಕ್ಕಿತು. ಅದರ ಮೇಲಿನ ಪಾಟಾ, ಭಾರ ಬಿದ್ದಾಗ ಅದು ತಾಗುವ ಫ್ರೇಮಿನ ಪ್ಯಾಡು ಬಿಚ್ಚಿಕೊಂಡು ಬಂದೆ. ಬಿಚ್ಚಿದ ಯು-ಬೋಲ್ಟನ್ನು ಮತ್ತೆ ಹಾಕಬಾರದು, ಒಂದು ಸಲ ಎಳೆದ ಮೇಲೆ ಅವು ಮುಗಿದ ಹಾಗೆ. ಹೊಸದು, ಉದ್ದದ್ದು ತಂದು, ಟಾರ್ಕ್ ರೆಂಚಿನಲ್ಲಿ ಬಿಗಿದು, ನೂರು ಮೈಲಿ ಓಡಿಸಿ ಮತ್ತೆ ಬಿಗಿದೆ. ಪಾಟಾವನ್ನು ಗ್ಯಾರೇಜ್ ನೆಲದ ಮೇಲಿಟ್ಟು ಸುತ್ತಿಗೆಯಿಂದ ಒಂದು ಸಲ ತಟ್ಟಿದೆ. ಯಾಕೆ ಅಂತ ಕೇಳಬೇಡಿ. ಸದ್ದು ಚೆನ್ನಾಗಿ ಬಂತು. ಮಗಳು ಇನ್ನೊಂದು ಸಲ ಅಂದಳು, ತಟ್ಟಿದೆ. ಆಮೇಲೆ ಪ್ಯಾಡಿನ ಸಂದಿಗೆ ಒಂದು ಗಟ್ಟಿ ಕೊಟ್ಟೆ, ಭಾರ ಬಿದ್ದ ಕೂಡಲೇ ಮೇಲಿನ ಪಾಟಾ ತಾಗುವಂತೆ.

ಸ್ವೇ ಬಾರ್ ಹಾಕಿದ ದಿನ ಮಾತ್ರ ಇದು ಬೇರೆ ಗಾಡಿ ಅನಿಸಿತು. ಅದು ಒಂದು ಪೌಂಡ್ ಕೂಡ ಹೊರುವುದಿಲ್ಲ. ಎರಡು ಕಡೆಯ ಚಕ್ರಗಳನ್ನು ತಿರುಚುವ ಒಂದು ಸಲಾಕೆಯಿಂದ ಸೇರಿಸುತ್ತದೆ ಅಷ್ಟೇ. ಒಂದು ಕಡೆ ಕುಸಿಯಲು ಹೋದರೆ ಸಲಾಕೆ ತಿರುಚಿಕೊಂಡು ಬೇಡ ಅನ್ನುತ್ತದೆ. ನನ್ನ ಟೀ ಮಾಡುತ್ತಿದ್ದದ್ದರ ಸರಿಯಾದ ಉಲ್ಟಾ. ಯಾರಾದರೂ ನನ್ನನ್ನು ಮೊದಲು ಏನು ಹಾಕಿಸಲಿ ಅಂತ ಕೇಳಿದರೆ ಗಾಳಿ ಚೀಲ ಅನ್ನುವುದಿಲ್ಲ, ಇದನ್ನೇ ಹೇಳುತ್ತೇನೆ. ಹಾಗಂತ ಚೀಲ ಕಿತ್ತೆಸೆದಿಲ್ಲ. ಟೀ ತೆಗೆದು ಬೇರೆ ಬೇರೆ ನಳಿಗೆ ಎಳೆದು, ಎರಡಕ್ಕೂ 20-25 ಪಿಎಸ್‌ಐ ಇಟ್ಟಿದ್ದೇನೆ. ಫ್ರಿಜ್, ಒಲೆ ಒಂದೇ ಕಡೆ ಇರುವುದರಿಂದ ಎಡಗಡೆ ಸ್ವಲ್ಪ ಜಾಸ್ತಿ.

ಆದರೆ ಎಲ್ಲಕ್ಕಿಂತ ಹೊತ್ತು ಹಿಡಿದದ್ದು ಇಳಿಸುವ ಕೆಲಸ. ಬೋಲ್ಟ್ ಬಿಗಿಯಲು ಎರಡು ದಿನ, ಏನು ಬಿಡಬೇಕು ಅಂತ ಮಾತಾಡಲು ಎರಡು ತಿಂಗಳು. ಮನೆಯಿಂದ ಐದೇ ಗ್ಯಾಲನ್ ನೀರು, ಉಳಿದದ್ದು ಊರು ತಲುಪಿದ ಮೇಲೆ. ಸಿಲಿಂಡರ್ ಒಂದೇ. ಸೀಸದ ಬ್ಯಾಟರಿ ಎರಡರ ಬದಲು ಲಿಥಿಯಂ ಒಂದು. ಮೈಕ್ರೋವೇವ್ ಹೋಯಿತು, ಜನರೇಟರ್ ಹೋಯಿತು. ಗ್ರೈಂಡರ್ ಹೋಯಿತು, ಕಾವಲಿ ಉಳಿಯಿತು, ಅದರ ವಿಷಯ ಚರ್ಚೆಗೇ ಬರಲಿಲ್ಲ. ಹೊಸ ಪಾಟಾ, ಸ್ವೇ ಬಾರ್ ತೂಕ ಸೇರಿದ ಮೇಲೂ ಒಟ್ಟು 10,460ಕ್ಕೆ ಇಳಿಯಿತು. ಕಾಗದದ ಲೆಕ್ಕದಲ್ಲಿ ಇನ್ನೂ 460 ಜಾಸ್ತಿ. ಅದು ಇವತ್ತಿಗೂ ಚುಚ್ಚುತ್ತದೆ. ಎಫ್-350 ಕೊಳ್ಳಬೇಕು, ಇಲ್ಲ ಮೇಲ್ಛಾವಣಿ ಮಡಚುವ ಹಗುರದ ಕ್ಯಾಂಪರ್‌ಗೆ ಇಳಿಯಬೇಕು. ಹೆಂಡತಿ ಎರಡನೆಯದಕ್ಕೆ, ನಾನು ಇನ್ನೂ ಎಲ್ಲೂ ಇಲ್ಲ. ಗಾಡಿ ಈಗ ಮುಕ್ಕಾಲು ಇಂಚು ಕೂರುತ್ತದೆ. ಗಾಳಿ ತುಂಬಿ ಅದನ್ನೂ ಎತ್ತಬಹುದು. ಬಿಟ್ಟಿದ್ದೇನೆ. ಹೆಡ್‌ಲೈಟನ್ನು ಮಾತ್ರ ಸ್ಕ್ರೂ ತಿರುಗಿಸಿ ರಸ್ತೆಗೆ ಇಳಿಸಿಕೊಂಡೆ.

ಒರೆಗಾನ್‌ನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಹೈವೇ ಪಕ್ಕದ ಲಾರಿ ತೂಕದ ಕಟ್ಟೆಗಳು ಮುಚ್ಚಿದ್ದಾಗಲೂ ಹಲವು ಕಡೆ ಸ್ಕೇಲ್ ಚಾಲೂ ಬಿಟ್ಟಿರುತ್ತಾರೆ. ಹೊರಗೆ ಅಂಕಿ ಕಾಣುತ್ತಿರುತ್ತದೆ, ಯಾರು ಬೇಕಾದರೂ ಹತ್ತಿಸಿ ನೋಡಿಕೊಳ್ಳಬಹುದು, ಪುಕ್ಕಟೆ. ಹೋದ ಸೆಪ್ಟೆಂಬರಿನಲ್ಲಿ ರಾತ್ರಿ ಬರುವಾಗ ಅಂಥದೊಂದು ಕಡೆ ನಿಲ್ಲಿಸಿದೆ. ಸುತ್ತ ಕತ್ತಲು, ಯಾರೂ ಇಲ್ಲ. ಹಿಂದಿನ ಚಕ್ರ ಮಾತ್ರ ಹಲಗೆ ಮೇಲೆ ಬರುವ ಹಾಗೆ ನಿಧಾನ ಮುಂದೆ ತಂದೆ. ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಅಂಕಿ ಓದಿದಳು. ಐದು ಸಾವಿರದ ಒಂಬೈನೂರ ಎಂಬತ್ತು.

“ನಾನು ಇಳೀತೀನಿ, ಎಷ್ಟಾಗುತ್ತೆ ನೋಡೋಣ” ಅಂದಳು. ಇಳಿದು ಹೋಗಿ ಕಂಬದ ಪಕ್ಕ ನಿಂತಳು. ಅಂಕಿ ಒಂದು ಕ್ಷಣ ಒದ್ದಾಡಿ 5,960ಕ್ಕೆ ನಿಂತಿತು. ಅವಳಿಗೆ ಸಿಟ್ಟು ಬಂತು. “ಇಪ್ಪತ್ತೇನಾ? ಡಾಕ್ಟರ್ ಹತ್ರ ನಾನು ಐವತ್ತೆರಡು ಇದ್ದೆ!” ಉಳಿದಿದ್ದು ಮುಂದಿನ ಚಕ್ರದ ಮೇಲಿದೆ ಕಣೇ, ನೀನು ಕೂರೋದು ಎರಡರ ನಡುವೆ ಅಲ್ವಾ, ನಿನ್ನನ್ನ ಇಬ್ಬರೂ ಹಂಚಿಕೊಂಡು ಹೊರ್ತಾರೆ ಅಂದೆ. ಅವಳು ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ಒಂದು ಸಲ ನೋಡಿದಳು.

“ಹಾಗಾದ್ರೆ ನಾನು ಮುಂದಿನ ಸೀಟಲ್ಲಿ ಕೂತ್ರೆ ಹಿಂದೆ ಇನ್ನೂ ಕಮ್ಮಿ ಆಗುತ್ತೆ.”

ಹೆಂಡತಿ ಇಳಿದು ಹಿಂದಿನ ಬಾಗಿಲು ತೆಗೆದಳು. “ಹತ್ತೇ ಹಿಂದೆ” ಅಂದಳು.